ಕೀಲು ಬದಲಿಸಿದ ಮೇಲೆ ಮನೆಯಲ್ಲಿ ಬರೆದಿಡಬೇಕಾದ ಲೆಕ್ಕ

ಹತ್ತಿಮತ್ತೂರು, ಸವಣೂರು ಕಡೆಯಿಂದ ಮೊಣಕಾಲಿನ ಇಲ್ಲವೇ ಸೊಂಟದ ಕೀಲು ಬದಲಿಸಿಕೊಳ್ಳಲು ಹೋಗುವವರು ಹೆಚ್ಚಾಗಿ ಉತ್ತರದ ದಾರಿ ಹಿಡಿಯುತ್ತಾರೆ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ, ಧಾರವಾಡದ ಸತ್ತೂರಿನ ಎಸ್‌ಡಿಎಂ, ಇಲ್ಲವೇ ಖಾಸಗಿ ಆಸ್ಪತ್ರೆಗಳು. ಕೆಲವರು ದಾವಣಗೆರೆಗೂ ಹೋಗುತ್ತಾರೆ. ಆಪರೇಷನ್ ಒಂದೂವರೆ, ಎರಡು ತಾಸಿನದು. ಮರುದಿನವೇ ವಾಕರ್ ಕೊಟ್ಟು ನಿಲ್ಲಿಸುತ್ತಾರೆ, ಮೂರರಿಂದ ಐದು ದಿನಕ್ಕೆ ಮನೆಗೆ ಕಳಿಸುತ್ತಾರೆ. ಆಮೇಲೆ ಸರ್ಜನ್ ಆ ಕಾಲನ್ನು ನೋಡುವುದು ಎರಡನೇ ವಾರ ಹೊಲಿಗೆ ಬಿಚ್ಚುವಾಗ, ಆರನೇ ವಾರ, ಮೂರನೇ ತಿಂಗಳು, ಮತ್ತೆ ವರ್ಷ ತುಂಬಿದಾಗ. ಒಂದೊಂದು ಸಲಕ್ಕೆ ಹೆಚ್ಚೆಂದರೆ ಹತ್ತು ನಿಮಿಷ. ವರ್ಷದ ಉಳಿದ ದಿನಗಳೆಲ್ಲ ಆ ಕಾಲು ಇರುವುದು ಮನೆಯವರ ಕಣ್ಣ ಮುಂದೆ.

ಆ ಹತ್ತು ನಿಮಿಷದಲ್ಲಿ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. "ಹೆಂಗದೀರಿ ಯವ್ವಾ?" ಎಂದು ಡಾಕ್ಟರ್ ಕೇಳುತ್ತಾರೆ. "ಆರಾಮ ಅದೀನ್ರಿ ಸಾಹೇಬ್ರ" ಎಂದು ಆಕೆ ಕೈಮುಗಿಯುತ್ತಾಳೆ. ಹದಿನೈದು ದಿನದಿಂದ ರಾತ್ರಿ ನಿದ್ದೆ ಇಲ್ಲದ್ದು, ಮೊನ್ನೆ ಹೊಸ್ತಿಲಲ್ಲಿ ಎಡವಿದ್ದು, ಕಾಲು ಇನ್ನೂ ಪೂರ್ತಿ ನೇರವಾಗದ್ದು, ಯಾವುದೂ ಬಾಯಿಗೆ ಬರುವುದಿಲ್ಲ. ದೊಡ್ಡ ಆಸ್ಪತ್ರೆಯ ಗದ್ದಲದಲ್ಲಿ ಯಾರಿಗಾದರೂ ಹಾಗೆಯೇ. ಅದಕ್ಕೇ ಬಾಯಿಮಾತನ್ನು ನಂಬದೆ ಬರೆದಿಟ್ಟ ಲೆಕ್ಕವನ್ನು ಡಾಕ್ಟರ ಮುಂದೆ ಇಡಬೇಕು ಎನ್ನುತ್ತೇನೆ. ಚೇತರಿಕೆ ಸರಿಯಾಗಿದೆಯೋ ಇಲ್ಲವೋ ಎಂಬುದು ಒಂದು ದಿನದ ಸ್ಥಿತಿಯಲ್ಲಿ ಕಾಣುವುದಿಲ್ಲ. ಹೋದ ವಾರಕ್ಕೂ ಈ ವಾರಕ್ಕೂ ಏನು ಬದಲಾಯಿತು ಎಂಬುದರಲ್ಲಿ ಕಾಣುತ್ತದೆ.

ಇದಕ್ಕೆ ಬೇಕಾದ ಸಾಮಾನು ಕಡಿಮೆ: ಒಂದು 200 ಪುಟದ ನೋಟ್‌ಬುಕ್, ಟೇಲರ್ ಟೇಪು, ಥರ್ಮಾಮೀಟರ್, ಸೀಮೆಸುಣ್ಣ, ಒಂದು ಮೊಬೈಲು. ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಬರೆಯುವ ಕೆಲಸ ಅವರಿಗೇ ವಹಿಸಿ. ಮಕ್ಕಳು ಅಳತೆಯಲ್ಲಿ ದೊಡ್ಡವರಿಗಿಂತ ಕಟ್ಟುನಿಟ್ಟು.

ಡಿಸ್ಚಾರ್ಜ್ ದಿನ ಕೇಳಿಕೊಳ್ಳಬೇಕಾದದ್ದು

ನೋಟ್‌ಬುಕ್ಕಿನ ಮೊದಲ ಪುಟ ಆಸ್ಪತ್ರೆಯಲ್ಲೇ ತುಂಬಬೇಕು. ಯಾವ ಕಾಲು, ಯಾವ ತಾರೀಖು, ಯಾವ ಸರ್ಜನ್, ರಾತ್ರಿ ಹೊತ್ತು ಫೋನ್ ಮಾಡಬೇಕಾದ ನಂಬರು ಯಾವುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆ ಯಾವುದು, ಎಷ್ಟು ದಿನ. ಸೊಂಟದ ಆಪರೇಷನ್ ಆದವರಿಗೆ ಇದು ಐದು ವಾರದವರೆಗೂ ಇರುತ್ತದೆ. ಮೊಣಕಾಲಿನವರಿಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ನೋವಿನ ಗುಳಿಗೆಯನ್ನು ನೋವು ನೋಡಿಕೊಂಡು ಕಡಿಮೆ ಮಾಡಬಹುದು, ಆದರೆ ಈ ಗುಳಿಗೆಯನ್ನು "ಈಗ ಆರಾಮ ಐತಿ" ಎಂದು ಅರ್ಧಕ್ಕೆ ಬಿಡುವಂತಿಲ್ಲ.

ಕೂರಿಸಿದ ಕೃತಕ ಕೀಲಿನ ಡಬ್ಬಿಯ ಮೇಲೆ ಕಂಪನಿ, ಅಳತೆ, ಬ್ಯಾಚ್ ನಂಬರು ಇರುವ ಸ್ಟಿಕ್ಕರುಗಳಿರುತ್ತವೆ. ಅವುಗಳ ಒಂದು ಪ್ರತಿ ಕೇಳಿ ಪಡೆದು ನೋಟ್‌ಬುಕ್ಕಿಗೆ ಅಂಟಿಸಿ. ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆ ಬೇರೆಯಾಗಿ ನಮೂದಾಗಿರಬೇಕು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಇಂಪ್ಲಾಂಟುಗಳ ಬೆಲೆಗೆ ಮಿತಿ ಹಾಕಿದ ಮೇಲೆ ಈ ಲೆಕ್ಕ ಕೇಳುವುದು ರೋಗಿಯ ಹಕ್ಕು. ಆಗ ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ನಿಗದಿ ಮಾಡಿದ್ದರು. ಆ ಸ್ಟಿಕ್ಕರು ಎಷ್ಟು ಮುಖ್ಯವೆಂದು ತಿಳಿಯಲು 2010ರ ಒಂದು ಪ್ರಸಂಗ ಸಾಕು. ಆ ವರ್ಷ ಡೆಪ್ಯೂ ಕಂಪನಿ ತನ್ನ ಎಎಸ್ಆರ್ ಹೆಸರಿನ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂದಕ್ಕೆ ತರಿಸಿಕೊಂಡಿತು. ಭಾರತದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಅದನ್ನು ಬಳಸಲಾಗಿತ್ತು. ಅದನ್ನು ಹಾಕಿಸಿಕೊಂಡವರಲ್ಲಿ ಬಹುಪಾಲು ಜನರನ್ನು ಹುಡುಕಿ ತಿಳಿಸಲು ಆಮೇಲೆ ಸಾಧ್ಯವೇ ಆಗಲಿಲ್ಲ. ತಮ್ಮ ಮೈಯೊಳಗೆ ಇರುವುದು ಯಾವ ಕೀಲು ಎಂದು ಗೊತ್ತಿಲ್ಲದವರಿಗೆ ಸುದ್ದಿ ಕಿವಿಗೆ ಬಿದ್ದರೂ ಪ್ರಯೋಜನವಿಲ್ಲ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಪರೇಷನ್ ಆಗಿದ್ದರೆ, ಮನೆಗೆ ಹೋದ ಮೇಲಿನ ಔಷಧಿ ಮತ್ತು ಮರುಭೇಟಿಗಳಲ್ಲಿ ಯಾವುದು ಪ್ಯಾಕೇಜಿನೊಳಗೆ, ಯಾವುದು ಹೊರಗೆ ಎಂದು ಆರೋಗ್ಯಮಿತ್ರರನ್ನು ಅವತ್ತೇ ಕೇಳಿ ಬರೆದುಕೊಳ್ಳಿ.

ಮೊದಲ ಹದಿನೈದು ದಿನ

ಈ ದಿನಗಳಲ್ಲಿ ನೋಡಬೇಕಾದದ್ದು ಮೂರು: ನೋವು, ಗಾಯ, ಬಾವು.

ಹತ್ತಕ್ಕೆ ಎಷ್ಟು ನೋವು ಎಂದು ಆಸ್ಪತ್ರೆಯಲ್ಲಿ ಕೇಳಿದರೆ ನಮ್ಮ ಅಜ್ಜಿಯರಿಗೆ ಗೊಂದಲ. "ರೂಪಾಯಿದಾಗ ಎಷ್ಟಾಣೆ ಐತಿ ಯವ್ವಾ?" ಎಂದು ಕೇಳಿ ನೋಡಿ. "ನಿನ್ನೆ ಹನ್ನೆರಡಾಣೆ ಇತ್ತು, ಇವತ್ತ ಎಂಟಾಣೆಕ್ಕ ಬಂದೈತಿ" ಎಂಬ ಉತ್ತರ ಥಟ್ಟನೆ ಬರುತ್ತದೆ. 16 ಆಣೆಯ ಅಳತೆಯನ್ನು ಈ ಭಾಗದ ಡಾಕ್ಟರುಗಳೂ ಬಲ್ಲರು. ದಿನಕ್ಕೆ ಮೂರು ಸಲ ಬರೆಯಿರಿ: ಎದ್ದಾಗ, ವ್ಯಾಯಾಮ ಮುಗಿದ ಮೇಲೆ, ಮಲಗುವಾಗ. ವ್ಯಾಯಾಮದ ನಂತರ ಏರಿ ಮರುದಿನ ಬೆಳಗ್ಗೆಗೆ ಇಳಿಯುವ ನೋವು ಸಹಜ. ಬೆಳಗ್ಗೆ ಎದ್ದಾಗಲೂ ನಿನ್ನೆಗಿಂತ ಹೆಚ್ಚಿದ್ದರೆ ಅವತ್ತಿನ ವ್ಯಾಯಾಮ ಅರ್ಧ ಮಾಡಿ. ವಾರಗಟ್ಟಲೆ ಇಳಿಯುತ್ತ ಬಂದ ನೋವು ತಿರುಗಿ ಏರತೊಡಗಿದರೆ ಫೋನ್ ಮಾಡಿ. ಮೆಡಿಕಲ್ ಶಾಪಿನಿಂದ ಇನ್ನೊಂದು ನೋವಿನ ಗುಳಿಗೆ ತಂದು ಸೇರಿಸುವುದು ಬೇಡ. ಬೇರೆ ಹೆಸರಿನ ಎರಡು ಗುಳಿಗೆಯಲ್ಲಿ ಒಂದೇ ಜಾತಿಯ ಔಷಧ ಇದ್ದು ಕಿಡ್ನಿಗೆ, ಹೊಟ್ಟೆಗೆ ಪೆಟ್ಟು ಕೊಡುತ್ತದೆ.

ಗಾಯದ ಫೋಟೊ ದಿನಾ ತೆಗೆಯಿರಿ, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಹಗಲು ಬೆಳಕಿನಲ್ಲಿ. ಬ್ಯಾಂಡೇಜು ಮುಚ್ಚಿದ್ದರೆ ಬ್ಯಾಂಡೇಜಿನದೇ ಫೋಟೊ ಸಾಕು, ಅದನ್ನು ಬಿಚ್ಚಿ ನೋಡುವ ಆತುರ ಬೇಡ. ಮೊದಲ ಮೂರು ನಾಲ್ಕು ದಿನ ತುಸು ರಕ್ತದ ಕಲೆ ಬರುವುದುಂಟು. ವಾರ ಕಳೆದ ಮೇಲೂ ಒಸರುತ್ತಿದ್ದರೆ, ಸುತ್ತಲಿನ ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದ್ದರೆ, ಕೀವು ಅಥವಾ ವಾಸನೆ ಇದ್ದರೆ ಮರುಭೇಟಿಯ ತಾರೀಖಿಗೆ ಕಾಯಬಾರದು. ಮೊಣಕಾಲು ಮುಟ್ಟಿದರೆ ಬೆಚ್ಚಗಿರುವುದು ಮತ್ತು ಸ್ವಲ್ಪ ಬಾವು ಮೂರು ತಿಂಗಳು, ಕೆಲವೊಮ್ಮೆ ಆರು ತಿಂಗಳು ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೊಲಿಗೆಯ ಹೊರಬದಿಯ ಚರ್ಮ ಜೋಮು ಹಿಡಿದಂತಿರುವುದೂ ಸಹಜ. ಅರಿಶಿನ, ಎಣ್ಣೆ, ವಿಭೂತಿ ಯಾವುದನ್ನೂ ಗಾಯಕ್ಕೆ ಹಚ್ಚಬೇಡಿ. ಶಾಖ ಕೊಡಬೇಡಿ, ತಿಕ್ಕಿಸಬೇಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು, ಇಪ್ಪತ್ತು ನಿಮಿಷ ಇಡುವುದು ಬಾವಿಗೆ ಒಳ್ಳೆಯದು.

ಬಾವಿನಲ್ಲಿ ಎರಡು ಬಗೆ. ಪಾದ, ಮೊಣಕಾಲು ಸಂಜೆಗೆ ಊದಿ ರಾತ್ರಿ ಕಾಲು ಎತ್ತರಕ್ಕೆ ಇಟ್ಟು ಮಲಗಿದರೆ ಇಳಿಯುವುದು ಒಂದು. ಮೀನಖಂಡ ಬಿಗಿಯಾಗಿ, ಒತ್ತಿದರೆ ನೋವಾಗಿ, ರಾತ್ರಿ ಕಳೆದರೂ ಇಳಿಯದಿರುವುದು ಇನ್ನೊಂದು. ಟೇಪು ಕೆಲಸಕ್ಕೆ ಬರುವುದು ಇಲ್ಲಿ. ಮೊಣಕಾಲಿನ ಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಿಂದ ಗುರುತು ಮಾಡಿ, ಎರಡೂ ಕಾಲಿನ ಮೀನಖಂಡದ ಸುತ್ತಳತೆ ದಿನಾ ಬೆಳಗ್ಗೆ ಬರೆಯಿರಿ. ಎರಡರ ನಡುವಿನ ಅಂತರ 3 ಸೆಂಟಿಮೀಟರ್ ದಾಟಿದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರುವ ಅನುಮಾನ ಪಡಬೇಕು, ಅವತ್ತೇ ಸರ್ಜನ್‌ಗೆ ತಿಳಿಸಬೇಕು. ಆ ಹೆಪ್ಪು ಪುಪ್ಪುಸಕ್ಕೆ ಹೋದರೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಎದೆ ನೋಯುತ್ತದೆ. ಆಗ ಊರಲ್ಲಿ ಯಾರನ್ನೂ ಕೇಳುತ್ತ ನಿಲ್ಲದೆ 108ಕ್ಕೆ ಕರೆ ಮಾಡಿ.

ಊಟದ ಮಾತು ಇಲ್ಲೇ ಹೇಳಿಬಿಡುತ್ತೇನೆ. "ನಂಜಾಗತೈತಿ" ಎಂದು ಬದನೆಕಾಯಿ, ಶೇಂಗಾ, ಮೊಟ್ಟೆ, ಬೇಳೆ ಎಲ್ಲ ಬಿಡಿಸಿ ಬರೀ ಗಂಜಿ ಕೊಡುವ ಮನೆಗಳು ಇನ್ನೂ ಇವೆ. ಗಾಯ ಕೂಡಲು, ಸ್ನಾಯು ಬಲಿಯಲು ಬೇಕಾದದ್ದೇ ಆ ಬೇಳೆ, ಮೊಟ್ಟೆ, ಹಾಲು, ಶೇಂಗಾ. ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆಯ ಅಂಕಿಯನ್ನೂ ಇದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಏಕೆಂದರೆ ಸಕ್ಕರೆ ಏರಿದರೆ ಗಾಯ ಮಾಯುವುದು ನಿಧಾನ, ಸೋಂಕಿನ ಭಯವೂ ಹೆಚ್ಚು.

ನೇರವಾಗುವುದು, ಮಡಿಯುವುದು

ಮೊಣಕಾಲಿನವರ ವಿಷಯದಲ್ಲಿ ಎಲ್ಲರ ಗಮನ ಕಾಲು ಎಷ್ಟು ಮಡಿಯುತ್ತದೆ ಎಂಬುದರ ಮೇಲೆ. ಪೂರ್ತಿ ನೇರವಾಗುತ್ತದೆಯೇ ಎಂದು ನೋಡುವವರು ಕಡಿಮೆ. ನನ್ನ ಮಟ್ಟಿಗೆ ಮೊದಲ ತಿಂಗಳು ಎರಡನೆಯದೇ ಮುಖ್ಯ. ತುಸು ಬಾಗಿದ ಕಾಲಲ್ಲಿ ನಡೆದರೆ ಕುಂಟು ಉಳಿಯುತ್ತದೆ, ತೊಡೆ ಬೇಗ ಸೋಲುತ್ತದೆ. ಮಲಗಿದಾಗ ಹಿತವೆನಿಸುತ್ತದೆ ಎಂದು ಮೊಣಕಾಲಿನ ಕೆಳಗೆ ದಿಂಬು ಇಡುವುದು ಎಲ್ಲ ಮನೆಯಲ್ಲೂ ಕಾಣುವ ತಪ್ಪು. ದಿಂಬು ತೆಗೆದು, ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗೆ ಇಡಿ.

ಅಳೆಯುವುದು ಸುಲಭ. ಗಟ್ಟಿ ಮಂಚದ ಮೇಲೆ ಕಾಲು ಚಾಚಿ ಮೊಣಕಾಲನ್ನು ಕೆಳಕ್ಕೆ ಒತ್ತಲು ಹೇಳಿ. ಮೊಣಕಾಲಿನ ಹಿಂದಿನ ಸಂದಿಯಲ್ಲಿ ಎಷ್ಟು ಬೆರಳು ತೂರುತ್ತದೆ ಎಂದು ನೋಡಿ ಬರೆಯಿರಿ. ಮೂರು ಬೆರಳಿದ್ದದ್ದು ಎರಡಾಗಿ, ಒಂದಾಗಿ, ಕೊನೆಗೆ ಮೊಣಕಾಲು ಹಾಸಿಗೆಗೆ ತಾಗಬೇಕು.

ಮಡಿಯುವುದನ್ನು ಅಳೆಯಲು ಬೆನ್ನಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ. ಮೊಣಕಾಲಿನಿಂದ ಪಾದದವರೆಗೆ ಕಾಲು ಕಂಬದಂತೆ ನೆಟ್ಟಗಿದ್ದರೆ ಅದು 90 ಡಿಗ್ರಿ. ಆಗ ಹಿಮ್ಮಡಿ ಇರುವ ಜಾಗದಲ್ಲಿ ನೆಲಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅಲ್ಲಿಂದ ಪಾದವನ್ನು ನೆಲಕ್ಕೆ ಹಚ್ಚಿಯೇ ಹಿಂದಕ್ಕೆ ಜರುಗಿಸಲು ಹೇಳಿ, ಕುಂಡೆ ಎತ್ತಬಾರದು. ಹಿಮ್ಮಡಿ ಹೋಗಿ ನಿಂತ ಜಾಗಕ್ಕೂ ಗೆರೆಗೂ ನಡುವೆ ಎಷ್ಟು ಸೆಂಟಿಮೀಟರ್ ಎಂದು ಬರೆಯಿರಿ. ಎರಡು ವಾರದ ಹೊತ್ತಿಗೆ ಗೆರೆ ಮುಟ್ಟಬೇಕು, ಆರು ವಾರದ ಹೊತ್ತಿಗೆ ಗೆರೆ ದಾಟಿ ಚೆನ್ನಾಗಿ ಹಿಂದೆ ಹೋಗಬೇಕು. ಆಪರೇಷನ್‌ಗೆ ಮುಂಚೆಯೇ ಬಿಗಿದಿದ್ದ ಮೊಣಕಾಲಿಗೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಆರನೇ ವಾರಕ್ಕೂ ಗೆರೆ ಮುಟ್ಟದಿದ್ದರೆ ಸುಮ್ಮನೆ ಕಾಯಬೇಡಿ. ಅರಿವಳಿಕೆ ಕೊಟ್ಟು ಮಡಿಸಿ ಬಿಗಿತ ಬಿಡಿಸುವ ವಿಧಾನವಿದೆ, ಅದು ಮೊದಲ ಮೂರು ತಿಂಗಳೊಳಗೆ ಮಾಡಿದರೆ ಹೆಚ್ಚು ಫಲ ಕೊಡುತ್ತದೆ. ಮನೆಯವರು ಬಲವಂತವಾಗಿ ಹಿಡಿದು ಮಡಿಸುವುದಂತೂ ಬೇಡವೇ ಬೇಡ.

ಒಂದು ದಿನದ ಪುಟ ಹೀಗಿದ್ದರೆ ಸಾಕು: "ದಿನ 16. ನೋವು ಬೆಳಗ್ಗೆ 5 ಆಣೆ, ವ್ಯಾಯಾಮದ ನಂತರ 8, ರಾತ್ರಿ 6. ಜ್ವರ 98.4. ಮೀನಖಂಡ ಬಲ 33, ಎಡ 32. ಸಂದಿ ಒಂದು ಬೆರಳು. ಹಿಮ್ಮಡಿ ಗೆರೆಯ ಹಿಂದೆ 2 ಸೆಂ.ಮೀ. ವಾಕರ್ ಹಿಡಿದು ಪಡಸಾಲೆಯಿಂದ ಕಟ್ಟೆಯವರೆಗೆ 4 ಸಲ. ರಾತ್ರಿ ಎರಡು ಸಲ ಎಚ್ಚರ." ಇಂಥ ನಲವತ್ತು ಪುಟ ತಿರುವಿದರೆ ಸರ್ಜನ್‌ಗೂ ಫಿಜಿಯೋಥೆರಪಿಸ್ಟ್‌ಗೂ ಕೇಳಬೇಕಾದ ಪ್ರಶ್ನೆ ತಾನಾಗಿ ಸಿಗುತ್ತದೆ. ದಿನಾ ಫಿಜಿಯೋಥೆರಪಿಗೆ ಪಟ್ಟಣಕ್ಕೆ ಹೋಗಲು ಆಗದವರು ವ್ಯಾಯಾಮವನ್ನು ಆಸ್ಪತ್ರೆಯಲ್ಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬನ್ನಿ.

ಸೊಂಟದ ಕೀಲಿನವರಿಗೆ

ಸೊಂಟದ ಕೀಲು ಬದಲಿಸಿಕೊಂಡವರು ಎಲ್ಲರೂ ವಯಸ್ಸಾದವರಲ್ಲ. ಮೂಳೆಯ ತುದಿಗೆ ರಕ್ತ ಹರಿಯುವುದು ನಿಂತು ಕೀಲು ಕುಸಿಯುವ ಕಾಯಿಲೆ ಮೂವತ್ತು ನಲವತ್ತರ ಗಂಡಸರಲ್ಲಿ ಬಹಳ. ನಮ್ಮ ರಾಜ್ಯದಲ್ಲೇ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆ ಹರೆಯದವರ ಸೊಂಟದ ಕೀಲನ್ನೇ ಸವೆಸಿತ್ತು. ವಯಸ್ಸು ಚಿಕ್ಕದಾದಷ್ಟೂ ಕೀಲು ಹೆಚ್ಚು ವರ್ಷ ದುಡಿಯಬೇಕು, ಹಾಗಾಗಿ ಲೆಕ್ಕವೂ ಹೆಚ್ಚು ವರ್ಷ ಇಡಬೇಕು.

ಸೊಂಟದವರಿಗೆ ನೋವು ಬೇಗ ಕಡಿಮೆಯಾಗುತ್ತದೆ, ಅದೇ ಅಪಾಯ. ಆರಾಮಾಯಿತು ಎಂದು ಮೂರನೇ ವಾರಕ್ಕೆ ನೆಲಕ್ಕೆ ಕೂತು ಊಟ ಮಾಡಿದರೆ ಕೀಲು ಜಾರಬಹುದು. ಹಿಂಬದಿಯಿಂದ ಆಪರೇಷನ್ ಆಗಿದ್ದರೆ ಆರರಿಂದ ಹನ್ನೆರಡು ವಾರ ತೊಡೆಯನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ಮಲಗುವಾಗ ಎರಡು ಕಾಲಿನ ನಡುವೆ ದಿಂಬಿರಲಿ. ಎತ್ತರದ ಕುರ್ಚಿ, ಸಂಡಾಸಿಗೆ ಕಮೋಡ್ ಕುರ್ಚಿ, ಇವೆರಡನ್ನು ಆಪರೇಷನ್‌ಗೆ ಮುಂಚೆಯೇ ಮನೆಗೆ ತಂದಿಟ್ಟುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಇವರು ಮುಖ್ಯವಾಗಿ ಬರೆಯಬೇಕಾದದ್ದು ನಡೆದ ದೂರ, ಕುಂಟು ಮತ್ತು ತೊಡೆಸಂದಿಯ ನೋವು. ಇದ್ದಕ್ಕಿದ್ದಂತೆ ತೀವ್ರ ನೋವು ಬಂದು ಕಾಲು ಗಿಡ್ಡವಾಗಿ, ಪಾದ ಒಳಕ್ಕೆ ತಿರುಗಿದಂತೆ ಕಂಡರೆ ಕೀಲು ಜಾರಿದೆ ಎಂದು ತಿಳಿಯಿರಿ. ಎಳೆದು ಕೂರಿಸುವವರ ಹತ್ತಿರ ಹೋಗದೆ ನೇರ ಆಸ್ಪತ್ರೆಗೆ ಹೋಗಿ.

ಜ್ವರ ಬಂದರೆ ಇಂಜೆಕ್ಷನ್ನಿಗೆ ಓಡುವ ಮುನ್ನ

ಇಡೀ ಲೇಖನದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಕೇಳುತ್ತೇನೆ. ಆಪರೇಷನ್ ಆದ ಕಾಲು ಕೆಂಪಾಗಿ, ನೋವು ಏರಿ, 100.4 ದಾಟಿದ ಜ್ವರವೋ ಚಳಿನಡುಕವೋ ಬಂದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ಆಂಟಿಬಯೋಟಿಕ್ ಚುಚ್ಚಿಸಿಕೊಳ್ಳುವುದು ವಾಡಿಕೆ. ಎರಡು ದಿನಕ್ಕೆ ಜ್ವರ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಕೃತಕ ಕೀಲಿಗೆ ಅಂಟಿದ ಸೋಂಕು ಅಷ್ಟಕ್ಕೆ ಹೋಗುವುದಿಲ್ಲ, ಅಡಗಿ ಕೂರುತ್ತದೆ. ಯಾವ ಕ್ರಿಮಿ ಎಂದು ತಿಳಿಯಲು ಸರ್ಜನ್ ಕೀಲಿನ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು. ಮೊದಲೇ ಔಷಧ ಹೊಕ್ಕಿದ್ದರೆ ಪರೀಕ್ಷೆಯಲ್ಲಿ ಕ್ರಿಮಿ ಸಿಗದೇ ಹೋಗಬಹುದು. ಬೇಗ ಹಿಡಿದರೆ ತೊಳೆದು ಕೀಲನ್ನು ಉಳಿಸಿಕೊಳ್ಳಬಹುದಾದ ಸೋಂಕು ತಡವಾದರೆ ಕೀಲನ್ನೇ ತೆಗೆಸುತ್ತದೆ. ಆದ್ದರಿಂದ ಮೊದಲ ಫೋನು ಆಪರೇಷನ್ ಮಾಡಿದ ಆಸ್ಪತ್ರೆಗೆ, ಅದೇ ದಿನ. ರೋಗಿ ತೀರಾ ನಿತ್ರಾಣವಾಗಿದ್ದರೆ ಮಾತ್ರ ಏನನ್ನೂ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಎಚ್ಚರ ಮೊದಲ ತಿಂಗಳಿಗಷ್ಟೇ ಅಲ್ಲ. ವರ್ಷಗಳ ನಂತರವೂ ಮೈಯ ಬೇರೆ ಕಡೆಯ ಸೋಂಕು ರಕ್ತದ ಮೂಲಕ ಕೀಲಿಗೆ ಇಳಿಯಬಹುದು. ಎರೆಭೂಮಿಯಲ್ಲಿ ದುಡಿಯುವವರ ಒಡೆದ ಹಿಮ್ಮಡಿ, ಹೊಲದಲ್ಲಿ ಚುಚ್ಚಿದ ಮುಳ್ಳಿನ ಗಾಯ, ಕೀವಾದ ಹಲ್ಲು, ಉರಿಮೂತ್ರ, ಇವನ್ನೆಲ್ಲ ಸಣ್ಣದೆಂದು ಬಿಡದೆ ಚಿಕಿತ್ಸೆ ಮಾಡಿಸಿ. ಯಾವ ಡಾಕ್ಟರ ಹತ್ತಿರ ಹೋದರೂ ಕೃತಕ ಕೀಲು ಇದೆ ಎಂದು ಮೊದಲೇ ಹೇಳಿ. ಆ ಕೀಲಿಗೆ ನೋವಿನ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ.

ಆರನೇ ವಾರದಿಂದ ಮುಂದೆ

ಇಲ್ಲಿಂದ ನೋವಿಗಿಂತ ಕೆಲಸವನ್ನು ಅಳೆಯಬೇಕು. ಫಿಜಿಯೋಥೆರಪಿಸ್ಟುಗಳು ಬಳಸುವ ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಕುರ್ಚಿಯಿಂದ 3 ಮೀಟರ್ ದೂರಕ್ಕೆ ಗೆರೆ ಎಳೆಯಿರಿ. ರೋಗಿ ಕುರ್ಚಿಯಿಂದ ಎದ್ದು, ಎಂದಿನ ನಡಿಗೆಯಲ್ಲಿ ಗೆರೆಯವರೆಗೆ ಹೋಗಿ, ತಿರುಗಿ ಬಂದು ಕೂರಬೇಕು. ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ನೋಡಿ. ಕೋಲು ಹಿಡಿದಿದ್ದರೆ ಅದನ್ನೂ ಬರೆಯಿರಿ. ವಾರಕ್ಕೊಮ್ಮೆ ಸಾಕು. ಅಂಕಿ ಇಳಿಯುತ್ತ ಹೋಗಬೇಕು. 12 ಸೆಕೆಂಡಿಗಿಂತ ಹೆಚ್ಚು ಹಿಡಿಯುವವರಿಗೆ ಬೀಳುವ ಭಯ ಇನ್ನೂ ಇದೆ. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಆಕ್ಸ್‌ಫರ್ಡ್‌ನಲ್ಲಿ 1996ರಲ್ಲಿ ಸೊಂಟಕ್ಕೆ, 1998ರಲ್ಲಿ ಮೊಣಕಾಲಿಗೆ 12 ಪ್ರಶ್ನೆಗಳ ಒಂದೊಂದು ಪಟ್ಟಿ ಮಾಡಿದರು. ಪ್ರಶ್ನೆಗೆ ಸೊನ್ನೆಯಿಂದ 4 ಅಂಕ, ಒಟ್ಟು 48. ಜಗತ್ತಿನ ಬಹಳಷ್ಟು ಆಸ್ಪತ್ರೆಗಳು ಚೇತರಿಕೆಯನ್ನು ಅದರಿಂದ ಅಳೆಯುತ್ತವೆ. ಅದರಲ್ಲಿ ಕಾರು ಹತ್ತುವುದು, ಅಂಗಡಿಗೆ ಹೋಗುವುದು ಎಲ್ಲ ಇದೆ. ನಮ್ಮ ಕಡೆಯವರಿಗೆ ಅದರ ಜೊತೆ ಬೇರೆ ಪ್ರಶ್ನೆಗಳೂ ಬೇಕು. ವಾಯವ್ಯ ಸಾರಿಗೆ ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಆಯಿತೇ? ಯಲವಿಗಿ ಸ್ಟೇಶನ್‌ನಲ್ಲಿ ರೈಲು ಹತ್ತಲು ಎಷ್ಟು ಜನರ ಕೈ ಬೇಕಾಯಿತು? ನಿಂತು ರೊಟ್ಟಿ ಬಡಿಯಲು ಎಷ್ಟು ಹೊತ್ತು ಆಗುತ್ತದೆ? ಹೊಲದ ಬದುವಿನ ಮೇಲೆ ನಡೆಯುವಾಗ ಕಾಲು ನಡುಗುತ್ತದೆಯೇ? ತಿಂಗಳಿಗೊಮ್ಮೆ ಉತ್ತರ ಬರೆಯಿರಿ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಎಂಬುದನ್ನು ಬಸ್ಸಿಗೂ ಅನ್ವಯಿಸಿ.

ನೆಲದ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂರುವುದು, ಗೋವಿನಜೋಳದ ಹೊಲದಲ್ಲಿ ಕೂತು ಕಸ ತೆಗೆಯುವುದು ಇನ್ನು ಮುಂದೆ ಬೇಡ. ಒಲೆಯನ್ನು ಕಟ್ಟೆಯ ಮೇಲೇರಿಸಿ. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಒತ್ತಿ ಹೇಳುತ್ತೇನೆ. ವಾಕರ್ ಬಿಟ್ಟ ಮರುದಿನವೇ ಅಡಿಗೆಮನೆ ಅವರ ಪಾಲಿಗೆ ವಾಪಸು ಬರುತ್ತದೆ, ವ್ಯಾಯಾಮ ನಿಂತುಹೋಗುತ್ತದೆ. ಮನೆಗೆಲಸ ವ್ಯಾಯಾಮವಲ್ಲ. ಮೂರು ತಿಂಗಳವರೆಗೆ ದಿನಕ್ಕೆ ಎರಡು ಹೊತ್ತು ವ್ಯಾಯಾಮಕ್ಕೆ ಬಿಡುವು ಕೊಡುವುದು ಮನೆಯವರ ಜವಾಬ್ದಾರಿ. ಅಂಗಳದಲ್ಲಿ ದನದ ಹಗ್ಗ, ಬಚ್ಚಲಿನ ಪಾಚಿ, ಕತ್ತಲೆಯ ಹಿತ್ತಲು, ಇವನ್ನೂ ಅವರೇ ನೋಡಿಕೊಳ್ಳಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಮೊಣಕಾಲು ಬದಲಿಸಿಕೊಂಡ ಐವರಲ್ಲಿ ಸರಿಸುಮಾರು ಒಬ್ಬರಿಗೆ ಪೂರ್ತಿ ಸಮಾಧಾನ ಸಿಗುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಅಂಥವರಿಗೆ ಬೈಗುಳ ಬೇಡ, ಮತ್ತೊಮ್ಮೆ ತಪಾಸಣೆ ಬೇಕು. ಬರೆದಿಟ್ಟ ನೋಟ್‌ಬುಕ್ ಇದ್ದರೆ ನೋವು ಮೊದಲಿನಿಂದಲೂ ಇಳಿಯಲೇ ಇಲ್ಲವೋ, ಇಳಿದು ಮತ್ತೆ ಬಂತೋ ಎಂಬುದು ಗೊತ್ತಾಗುತ್ತದೆ. ಇವೆರಡಕ್ಕೂ ಕಾರಣಗಳು ಬೇರೆ.

ವರ್ಷದ ಭೇಟಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಏಕೆಂದರೆ ಅಷ್ಟರಲ್ಲಿ ಕಾಲು ಚೆನ್ನಾಗಿ ನಡೆಯುತ್ತಿರುತ್ತದೆ. 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ ಮೊಣಕಾಲಿನ ಕೃತಕ ಕೀಲುಗಳಲ್ಲಿ ಸುಮಾರು ಶೇಕಡಾ 82ರಷ್ಟು, ಸೊಂಟದವುಗಳಲ್ಲಿ ಸುಮಾರು ಶೇಕಡಾ 58ರಷ್ಟು 25 ವರ್ಷ ಬಾಳುತ್ತವೆ. ಮುಂದೆ ಎಂದೋ ಕೀಲು ಸಡಿಲವಾದರೆ ಅದನ್ನು ಹೋಲಿಸಿ ನೋಡಲು ಒಂದನೇ ವರ್ಷದ ಎಕ್ಸ್‌ರೇ ಬೇಕು. ಆ ತಾರೀಖನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇವತ್ತೇ ಬರೆದಿಡಿ. ಅವತ್ತು ಸುಗ್ಗಿ ಇರಲಿ, ಸಂತೆ ಇರಲಿ, ಹೋಗಿಬನ್ನಿ.